ಕೈಮರದಿಂದ ಬೆಳಕಿನ ಫಲಕದವರೆಗೆ

'ಕೈಮರ' ಎಂಬುದು ನಮ್ಮ ಭಾಷೆಯ ಹಳೆಯ ಮಾತು. ದಾರಿಗಳು ಕೂಡುವಲ್ಲಿ ಒಂದು ಕಂಬವನ್ನು ನೆಟ್ಟು, ಅದಕ್ಕೆ ಕೈಗಳಂತೆ ಹಲಗೆಗಳನ್ನು ಜೋಡಿಸಿ, ಒಂದೊಂದು ಕೈಯ ಮೇಲೆ ಒಂದೊಂದು ಊರಿನ ಹೆಸರನ್ನು ಬರೆದರೆ ಅದೇ ಕೈಮರ. ಚಿಕ್ಕಮಗಳೂರಿನ ಕಡೆ ಕೈಮರವೆಂದೂ ಮಂಗಳೂರಿನ ಕಡೆ ಕೈಕಂಬವೆಂದೂ ಕರೆಯಿಸಿಕೊಳ್ಳುವ ಸ್ಥಳಗಳು ಇಂದಿಗೂ ಉಂಟು. ಮೊದಲು ನೆಟ್ಟ ಕಂಬವು ಉಳಿದಿರಲಿ, ಅಳಿದಿರಲಿ, ಹೆಸರು ಮಾತ್ರ ಸ್ಥಳಕ್ಕೆ ಅಂಟಿಕೊಂಡು ನಿಂತಿತು. ದಾರಿ ತೋರಿಸಿದ ಮರವೊಂದಕ್ಕೆ ಜನರು ಸಲ್ಲಿಸಿದ ಕೃತಜ್ಞತೆ ಇದು ಎಂದರೆ ತಪ್ಪಾಗಲಾರದು.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನಮ್ಮ ಸೀಮೆಯಲ್ಲಿ ಅಂತಹ ಸ್ಥಳಕ್ಕೆ 'ಕ್ರಾಸು' ಎನ್ನುವುದು ರೂಢಿ. ಮೋಟಾರಿನ ಕಂಡಕ್ಟರನು ಕೂಗಿ ಹೇಳಿದ ಮಾತೇ ಊರವರ ಬಾಯಲ್ಲಿ ನಿಂತಿತು. ಕೈಮರವು ಚಕ್ಕಡಿಯ ಕಾಲದ ಹೆಸರು, ಕ್ರಾಸು ಮೋಟಾರಿನ ಕಾಲದ ಹೆಸರು. ಈ ಎರಡು ಮಾತುಗಳ ನಡುವೆ ರಸ್ತೆಯ ಸಂಕೇತಗಳ ಒಂದು ದೊಡ್ಡ ಚರಿತ್ರೆಯೇ ಅಡಗಿದೆ. ಆ ಚರಿತ್ರೆಯನ್ನು ಈ ನಾಲ್ಕು ಊರುಗಳ ದಾರಿಯಲ್ಲಿ ನಡೆಯುತ್ತ ನೋಡೋಣ. ಓದುಗರು ಜೊತೆಗೆ ಬರಬೇಕೆಂದು ಕೋರುತ್ತೇನೆ.

ಸಂಕೇತವೇ ಇಲ್ಲದ ಕಾಲದಲ್ಲಿ ದಾರಿಕಾರನು ಏನು ಮಾಡುತ್ತಿದ್ದನು? ಕೇಳುತ್ತಿದ್ದನು. ಹೊಲದಲ್ಲಿ ಕುಂಟೆ ಹೊಡೆಯುವವನನ್ನು ಕೇಳಿದರೆ, 'ಇಲ್ಲೇ ಕೂಗಳತೆ' ಎಂದೋ, 'ಇನ್ನೊಂದು ಹರದಾರಿ' ಎಂದೋ ಉತ್ತರ ಸಿಗುತ್ತಿತ್ತು. ಕೂಗಳತೆ ಎಂದರೆ ಕೂಗಿದರೆ ಕೇಳಿಸುವಷ್ಟು ದೂರ. ಹರದಾರಿ ಎಂದರೆ ಹೆಚ್ಚುಕಡಿಮೆ ಮೂರು ಮೈಲಿ. ಅದಕ್ಕೂ ದೊಡ್ಡ ಅಳತೆ ಗಾವುದ. ಇವೆಲ್ಲ ಮನುಷ್ಯನ ಕಂಠದಿಂದಲೂ ಕಾಲಿನಿಂದಲೂ ಹುಟ್ಟಿದ ಅಳತೆಗಳು. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳಿಗೆ ಮುಂದಿನ ಚಕ್ಕಡಿಯೇ ದಾರಿಯ ಗುರುತು. ರಾತ್ರಿ ಪಯಣಕ್ಕೆ ನಕ್ಷತ್ರಗಳಿದ್ದವು. ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ಧ್ರುವನಕ್ಷತ್ರವನ್ನು ನೋಡಲೆಂದೇ ಮಾಡಿದ ಕಿಂಡಿಯನ್ನು ಇಂದಿಗೂ ತೋರಿಸುತ್ತಾರೆ. ಆಕಾಶದಲ್ಲಿ ಅಲುಗದೆ ನಿಂತ ಆ ಚುಕ್ಕೆ ಮನುಷ್ಯನಿಗೆ ದೊರೆತ ಮೊದಲ ದಿಕ್ಸೂಚಿ ಫಲಕ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಚಕ್ಕಡಿ ಗಂಟೆಗೆ ೪ ಕಿಲೋಮೀಟರಿನಂತೆ ನಡೆದರೆ ಒಂದು ಸೆಕೆಂಡಿಗೆ ಕ್ರಮಿಸುವುದು ಸುಮಾರು ಒಂದು ಮೀಟರು. ನಿಲ್ಲಿಸಿ ಕೇಳಲು, ತಪ್ಪಿದರೆ ಹಿಂದಿರುಗಲು ಬೇಕಾದಷ್ಟು ಸಮಯವಿತ್ತು. ಇಂದಿನ ಹೆದ್ದಾರಿಯಲ್ಲಿ ಗಂಟೆಗೆ ೮೦ ಕಿಲೋಮೀಟರಿನಂತೆ ಹೋಗುವ ಕಾರು ಒಂದು ಸೆಕೆಂಡಿಗೆ ೨೨ ಮೀಟರು ದಾಟುತ್ತದೆ. ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ತಿರುವು ಬಂದಿರುತ್ತದೆ. ರಸ್ತೆಯ ಸಂಕೇತಗಳ ಚರಿತ್ರೆಯೆಲ್ಲ ಈ ಒಂದು ಮೀಟರಿನಿಂದ ಇಪ್ಪತ್ತೆರಡು ಮೀಟರಿಗೆ ಬಂದ ಕಥೆ. ವೇಗ ಹೆಚ್ಚಿದಂತೆಲ್ಲ ಮಾತು ಕಡಿಮೆಯಾಗಬೇಕಾಯಿತು, ಗುರುತು ಸ್ಪಷ್ಟವಾಗಬೇಕಾಯಿತು.

ಗುರುತಿನ ಕಲ್ಲನ್ನು ನೆಡುವ ಪದ್ಧತಿ ಬಹು ಪ್ರಾಚೀನವಾದುದು. ರೋಮನರು ಕ್ರಿಸ್ತಪೂರ್ವ ೩೧೨ರಲ್ಲಿ ಆಪಿಯನ್ ಮಾರ್ಗವನ್ನು ಕಟ್ಟಲು ತೊಡಗಿದರು. ಅವರ ಹೆದ್ದಾರಿಗಳಲ್ಲಿ ಸಾವಿರ ಜೋಡಿಹೆಜ್ಜೆಗೆ ಒಂದರಂತೆ ಕಲ್ಲುಕಂಬಗಳು ನಿಂತವು. ಅವರ ಭಾಷೆಯಲ್ಲಿ ಸಾವಿರವೆಂಬ ಅರ್ಥದ 'ಮಿಲೆ' ಎಂಬ ಶಬ್ದವೇ ಇಂಗ್ಲಿಷಿನ ಮೂಲಕ ನಮ್ಮ 'ಮೈಲಿ' ಆಯಿತು. ನಮ್ಮ ದೇಶದಲ್ಲಿ ಅಶೋಕ ಚಕ್ರವರ್ತಿಯು ದಾರಿಯ ಬದಿಗೆ ಆಲದ ಮರಗಳನ್ನು ನೆಡಿಸಿದುದನ್ನೂ ಬಾವಿ ತೋಡಿಸಿದುದನ್ನೂ ತನ್ನ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಮೊಗಲರ ಕಾಲದಲ್ಲಿ ಆಗ್ರಾ, ದಿಲ್ಲಿ, ಲಾಹೋರುಗಳ ದಾರಿಯಲ್ಲಿ ಕೋಸಿಗೊಂದರಂತೆ ಎತ್ತರದ ಮಿನಾರುಗಳಿದ್ದವು. ಅವುಗಳಲ್ಲಿ ಕೆಲವು ಇನ್ನೂ ನಿಂತಿವೆ.

ಕನ್ನಡ ನಾಡಿನ ಕಲ್ಲುಗಳಿಗೆ ಮತ್ತೊಂದು ವಿಶೇಷವಿತ್ತು. ದತ್ತಿಬಿಟ್ಟ ಭೂಮಿಯ ಎಲ್ಲೆಯಲ್ಲಿ ನೆಟ್ಟ ಕಲ್ಲಿಗೆ ಒಂದು ಮುದ್ರೆಯನ್ನು ಕೊರೆಯುತ್ತಿದ್ದರು. ಶಿವಾಲಯದ ಭೂಮಿಯಾದರೆ ಲಿಂಗಮುದ್ರೆ, ಜಿನಾಲಯದ್ದಾದರೆ ಮುಕ್ಕೊಡೆ. ವಾಮನಮುದ್ರೆಯ ಕಲ್ಲುಗಳೂ ಉಂಟು. ಅಕ್ಷರ ಬಾರದ ದನಗಾಹಿಯೂ ಆ ಚಿತ್ರವನ್ನು ನೋಡಿ, ಇದು ಯಾರ ಹೊಲ, ಎಲ್ಲಿಗೆ ನಿಲ್ಲಬೇಕು ಎಂದು ತಿಳಿಯುತ್ತಿದ್ದನು. ಸವದತ್ತಿಯು ಸುಗಂಧವರ್ತಿ ಎಂಬ ಹೆಸರಿನಿಂದ ರಟ್ಟರಿಗೆ ರಾಜಧಾನಿಯಾಗಿದ್ದ ಊರು. ಮುಂದೆ ಅವರು ಬೆಳಗಾವಿಗೆ, ಅಂದಿನ ವೇಣುಗ್ರಾಮಕ್ಕೆ ಹೋದರು. ಅಂದಿನ ಶಾಸನಗಳ ನೆತ್ತಿಯ ಮೇಲೆ ಸೂರ್ಯ, ಚಂದ್ರ, ಹಸು ಮತ್ತು ಕರುಗಳ ಚಿತ್ರವನ್ನು ನೀವು ನೋಡಿರಬಹುದು. ಕೆಳಗಿನ ಬರಹವನ್ನು ಓದಬಲ್ಲವರು ಹತ್ತು ಮಂದಿ. ಮೇಲಿನ ಸೂರ್ಯಚಂದ್ರರನ್ನು ನೋಡಿ, ಈ ದತ್ತಿ ಅವರಿರುವವರೆಗೂ ಸಲ್ಲಬೇಕು ಎಂದು ತಿಳಿದವರು ಊರಿಗೆ ಊರೇ. ಚಿತ್ರದಿಂದ ಆಜ್ಞೆಯನ್ನು ತಿಳಿಸುವ ವಿದ್ಯೆ ನಮಗೆ ಪರದೇಶದಿಂದ ಬಂದುದಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಆ ಶಾಸನಗಳ ಕೊನೆಯಲ್ಲಿ ಬರುವ ಇನ್ನೊಂದು ಸಂಗತಿಯುಂಟು. ಅದನ್ನು ನಾನೂ ಕೊನೆಗೇ ಹೇಳುತ್ತೇನೆ.

ಇಂಗ್ಲಿಷರ ಆಳ್ವಿಕೆಯಲ್ಲಿ ಪುಣೆಯಿಂದ ಬೆಂಗಳೂರಿಗೆ ಹೋಗುವ ದೊಡ್ಡ ರಸ್ತೆ ಕಿತ್ತೂರಿನ ಮಗ್ಗುಲಲ್ಲೇ ಹಾದುಹೋಯಿತು. ಬದಿಗೆ ಸುಣ್ಣ ಬಳಿದ ಮೈಲಿಗಲ್ಲುಗಳು ಬಂದವು. ಹಳ್ಳಿಯ ಎಷ್ಟೋ ಮಕ್ಕಳಿಗೆ ಅಂಕಿಯ ಪಾಠ ಮೊದಲಾದುದು ಆ ಕಲ್ಲಿನ ಮೇಲೆಯೇ. ಸ್ವಾತಂತ್ರ್ಯ ಬಂದ ಮೇಲೆ ತೂಕ ಮತ್ತು ಅಳತೆಗಳಿಗೆ ೧೯೫೬ರಲ್ಲಿ ಕಾಯಿದೆಯಾಗಿ ದಶಮಾನ ಪದ್ಧತಿ ಜಾರಿಗೆ ಬಂದಿತು. ಆಣೆ ಹೋಗಿ ನಯಾಪೈಸೆ ಬಂದಂತೆ ಮೈಲಿ ಹೋಗಿ ಕಿಲೋಮೀಟರು ಬಂದಿತು. ಒಂದು ಮೈಲಿಗೆ ೧.೬ ಕಿಲೋಮೀಟರು, ಕಲ್ಲಿನಿಂದ ಕಲ್ಲಿಗೆ ದೂರ ಕಡಿಮೆಯಾಯಿತು, ಊರಿನಿಂದ ಊರಿಗೆ ಅಂಕಿ ಹೆಚ್ಚಿತು. ದಾರಿಯನ್ನೇ ಉದ್ದ ಮಾಡಿದರೇನೋ ಎಂದು ಹಿರಿಯರು ಬೆರಗಾದರೆ ಆಶ್ಚರ್ಯವೇನು? ಕಲ್ಲು ಬದಲಾದರೂ ಮಾತು ಬದಲಾಗಲಿಲ್ಲ. ನಮ್ಮ ನಾಲಗೆಯ ಮೇಲೆ ಅದು ಇಂದಿಗೂ ಮೈಲಿಗಲ್ಲೇ. ಕಲ್ಲಿನ ತಲೆಗೆ ಹಳದಿ ಬಣ್ಣವಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಓದಲು ಬಾರದವನಿಗೂ ತಾನು ಎಂತಹ ರಸ್ತೆಯಲ್ಲಿದ್ದೇನೆಂದು ಬಣ್ಣ ತಿಳಿಸುತ್ತದೆ.

ಇಷ್ಟರಲ್ಲಿ ಮೋಟಾರು ಬಂದಿತ್ತು. ಅದರೊಡನೆ ದೂರವನ್ನು ತಿಳಿಸುವ ಸಂಕೇತಕ್ಕಿಂತ ಅಪಾಯವನ್ನು ತಿಳಿಸುವ ಸಂಕೇತದ ಅಗತ್ಯ ಹೆಚ್ಚಾಯಿತು. ೧೯೦೯ರಲ್ಲಿ ಪ್ಯಾರಿಸ್ ನಗರದಲ್ಲಿ ಹಲವು ದೇಶಗಳವರು ಸೇರಿ ಕೇವಲ ನಾಲ್ಕು ಚಿಹ್ನೆಗಳನ್ನು ಒಪ್ಪಿಕೊಂಡರು: ರಸ್ತೆಯ ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲುಹಾದಿಯ ದಾಟು. ಆ ಕಾಲದ ಬಂಡಿಗೆ ಇವು ನಾಲ್ಕೇ ಗಂಡಾಂತರಗಳೆಂದು ಅವರ ಎಣಿಕೆ. ದೇಶದೇಶಗಳ ಭಾಷೆ ಬೇರೆಬೇರೆಯಾದುದರಿಂದ ಚಿತ್ರವೇ ಗತಿಯಾಯಿತು. ೧೯೨೬ರ ಒಪ್ಪಂದದಲ್ಲಿ ಎಚ್ಚರಿಕೆಗೆ ತ್ರಿಕೋನದ ಆಕಾರವು ಗೊತ್ತಾಯಿತು. ೧೯೩೧ರಲ್ಲಿ ಜಿನೀವಾದಲ್ಲಿ ಚಿಹ್ನೆಗಳ ಪಟ್ಟಿ ಬೆಳೆಯಿತು.

ಭಾರತದಲ್ಲಿ ಮೋಟಾರು ವಾಹನಗಳಿಗೆ ಮೊದಲ ಕಾಯಿದೆಯಾದುದು ೧೯೧೪ರಲ್ಲಿ. ರಸ್ತೆಗಳ ಸ್ಥಿತಿಯನ್ನು ವಿಚಾರಿಸಲು ೧೯೨೭ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದರ ಫಲವಾಗಿ ೧೯೩೪ರ ಡಿಸೆಂಬರಿನಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಇಂಜಿನಿಯರುಗಳ ಸಂಸ್ಥೆ ಹುಟ್ಟಿತು. ರಸ್ತೆಯ ಫಲಕ ಎಷ್ಟು ದೊಡ್ಡದಿರಬೇಕು, ಯಾವ ಬಣ್ಣದ್ದಿರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಗೊತ್ತುಪಡಿಸುವುದು ಇಂದಿಗೂ ಇದೇ ಸಂಸ್ಥೆ. ೧೯೩೯ರ ಮೋಟಾರು ವಾಹನಗಳ ಕಾಯಿದೆಗೆ ಸಂಕೇತಗಳ ಚಿತ್ರಪಟ್ಟಿಯೇ ಸೇರಿತು. ಆ ಕಾಲದ ಫಲಕದಲ್ಲಿ ಮೇಲೊಂದು ಕೆಂಪು ತ್ರಿಕೋನ, ಕೆಳಗೆ ಬೇರೆಯದೊಂದು ಆಯತದ ತಗಡು. ತ್ರಿಕೋನವು 'ಎಚ್ಚರ' ಎನ್ನುತ್ತಿತ್ತು. ಏತಕ್ಕೆ ಎಚ್ಚರವೆಂಬುದನ್ನು ತಗಡಿನ ಚಿತ್ರ ಹೇಳುತ್ತಿತ್ತು. ೧೯೫೧ರ ಜನಗಣತಿಯಂತೆ ನಮ್ಮ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ೧೮ ಮಂದಿ ಮಾತ್ರ. ಅಂತಹ ನಾಡಿನಲ್ಲಿ 'ಮುಂದೆ ಕಡಿದಾದ ತಿರುವು ಇದೆ' ಎಂದು ಬರೆದು ನಿಲ್ಲಿಸಿದ್ದರೆ ಯಾರಿಗೆ ಪ್ರಯೋಜನವಾಗುತ್ತಿತ್ತು?

ಚಿತ್ರವೆಂದ ಮಾತ್ರಕ್ಕೆ ಎಲ್ಲರಿಗೂ ತಿಳಿಯುತ್ತದೆಂದು ಭಾವಿಸಲಾಗದು. ಇಂಗ್ಲೆಂಡಿನಲ್ಲಿ ಹಿಂದೆ ಶಾಲೆಯ ಸಂಕೇತವಾಗಿ ಉರಿಯುವ ಪಂಜಿನ ಚಿತ್ರವಿದ್ದಿತು. ಪಂಜು ಜ್ಞಾನದ ಚಿಹ್ನೆಯಂತೆ! ಪಂಡಿತನಿಗೆ ಅದು ಅಲಂಕಾರ. ಲಾರಿಯ ಚಾಲಕನಿಗೆ ಅದು ಬೆಂಕಿ. ಮುಂದೆ ಜಾಕ್ ಕಿನ್ನಿಯರ್, ಮಾರ್ಗರೆಟ್ ಕ್ಯಾಲ್ವರ್ಟ್ ಎಂಬಿಬ್ಬರು ಅಲ್ಲಿಯ ಫಲಕಗಳನ್ನೆಲ್ಲ ಹೊಸದಾಗಿ ರೂಪಿಸಿದರು; ೧೯೬೫ರಲ್ಲಿ ಅವು ಜಾರಿಗೆ ಬಂದವು. ಆ ವೇಳೆಗೆ ಪಂಜು ಹೋಗಿ ಮಕ್ಕಳ ಚಿತ್ರ ಬಂದಿತ್ತು. ಅದರಲ್ಲಿ ಟೊಪ್ಪಿಗೆಯ ಹುಡುಗನು ಹುಡುಗಿಯ ಕೈ ಹಿಡಿದು ನಡೆಸುತ್ತಿದ್ದನು. ಕ್ಯಾಲ್ವರ್ಟ್ ಅವರು ಅದನ್ನು ಬದಲಿಸಿ, ಹುಡುಗಿಯೇ ಪುಟ್ಟ ತಮ್ಮನನ್ನು ಕರೆದೊಯ್ಯುವಂತೆ ಬರೆದರು. ಆ ಹುಡುಗಿಗೆ ತಮ್ಮ ಬಾಲ್ಯದ ರೂಪವನ್ನೇ ಕೊಟ್ಟೆನೆಂದು ಅವರು ಹೇಳಿಕೊಂಡಿದ್ದಾರೆ. ದನಗಳ ಸಂಕೇತಕ್ಕೆ ಅವರ ಬಂಧುಗಳ ಹೊಲದ ಹಸುವೊಂದು ಮಾದರಿಯಾಯಿತು. ಅದರ ಹೆಸರು 'ಪೇಷೆನ್ಸ್', ಎಂದರೆ ತಾಳ್ಮೆ. ನಮ್ಮ ರಸ್ತೆಯ ನಡುವೆ ಮಲಗಿ ಮೆಲುಕು ಹಾಕುವ ದನಗಳಿಗೂ ಅದಕ್ಕಿಂತ ತಕ್ಕ ಹೆಸರು ಸಿಗಲಾರದು.

ಭಾರತದ ಪಟ್ಟಿಯಲ್ಲಿ ನಮ್ಮವೇ ಆದ ಚಿಹ್ನೆಗಳುಂಟು. ಎತ್ತಿನ ಗಾಡಿಗೆ ಪ್ರವೇಶವಿಲ್ಲ, ಕೈಗಾಡಿಗೆ ಪ್ರವೇಶವಿಲ್ಲ, ಟಾಂಗಾಕ್ಕೆ ಪ್ರವೇಶವಿಲ್ಲ ಎಂಬ ಫಲಕಗಳು ಆ ಬಗೆಯವು. ಸಾವಿರಾರು ವರ್ಷ ದಾರಿಯ ಒಡೆಯನಾಗಿದ್ದ ಎತ್ತಿಗೆ ಅದರ ಚಿತ್ರವನ್ನೇ ಕೆಂಪು ವೃತ್ತದಲ್ಲಿಟ್ಟು 'ನಿಲ್ಲು' ಎಂದುದು ಕಾಲದ ವೈಚಿತ್ರ್ಯ.

ಕನ್ನಡ ಕಲಿಸುವವನಾದ ನನಗೆ ಈ ಫಲಕಗಳಲ್ಲಿ ಒಂದು ವ್ಯಾಕರಣವೇ ಕಾಣುತ್ತದೆ. ಕೆಂಪು ಅಂಚಿನ ತ್ರಿಕೋನವು ಎಚ್ಚರಿಕೆ. ಮುಂದೆ ತಿರುವಿದೆ, ಹಳ್ಳವಿದೆ, ಶಾಲೆಯಿದೆ ಎಂಬ ವಾಕ್ಯಗಳೆಲ್ಲ ಅದರೊಳಗೆ. ಕೆಂಪು ಅಂಚಿನ ವೃತ್ತವು ನಿಷೇಧ. 'ಕೂಡದು' ಎಂಬ ಕ್ರಿಯಾಪದ. ನೀಲಿ ವೃತ್ತವು ವಿಧಿ. 'ಹೀಗೆಯೇ ಮಾಡತಕ್ಕದ್ದು' ಎಂಬ ಆಜ್ಞೆ. ಆಸ್ಪತ್ರೆ, ಪೆಟ್ರೋಲು, ವಿಶ್ರಾಂತಿಗೃಹಗಳನ್ನು ತೋರಿಸುವ ನೀಲಿ ಆಯತವು ಕೇವಲ ಸೂಚನೆ. 'ನಿಲ್ಲಿ' ಎಂಬುದಕ್ಕೆ ಮಾತ್ರ ಎಂಟು ಮೂಲೆಯ ಕೆಂಪು ಫಲಕ. ಬೇರೆ ಯಾವುದಕ್ಕೂ ಆ ಆಕಾರವಿಲ್ಲವಾದ್ದರಿಂದ ಧೂಳು ಮುಚ್ಚಿದರೂ, ಹಿಂದಿನಿಂದ ನೋಡಿದರೂ ಅದು ಯಾವುದೆಂದು ತಿಳಿಯುತ್ತದೆ.

ಈ ಫಲಕಕ್ಕೆ ಕೆಂಪು ಬಂದ ಕಥೆಯೂ ಸ್ವಾರಸ್ಯವಾದುದು. ಅಮೆರಿಕದಲ್ಲಿ ೧೯೨೦ರ ದಶಕದಲ್ಲೇ ಎಂಟು ಮೂಲೆಯ ಆಕಾರ ಗೊತ್ತಾಗಿದ್ದರೂ ಬಹುಕಾಲ ಅದರ ಬಣ್ಣ ಹಳದಿಯಾಗಿದ್ದಿತು. ಕೆಂಪು ಬೇಡವೆಂದಲ್ಲ, ಬಿಸಿಲಿಗೆ ಮಾಸದ, ರಾತ್ರಿಯೂ ಕಾಣುವ ಕೆಂಪು ಬಣ್ಣವನ್ನು ಮಾಡಲು ಆಗ ಬರುತ್ತಿರಲಿಲ್ಲ. ತಗಡಿನ ಮೇಲೆ ಗಾಜಿನಂತೆ ಕೂಡುವ ಎನಾಮಲು ಮತ್ತು ಹೊಸ ವರ್ಣಗಳು ಬಂದ ಮೇಲೆ, ೧೯೫೪ರಲ್ಲಿ, ಅದು ಕೆಂಪಾಯಿತು. ಸಂಕೇತದ ಅರ್ಥ ಮನುಷ್ಯನ ಮನಸ್ಸಿನಲ್ಲಿ ಮೊದಲೇ ಇರುತ್ತದೆ. ಅದಕ್ಕೆ ತಕ್ಕ ಸಾಧನ ಸಿಗಲು ಕಾಯಬೇಕಾಗುತ್ತದೆ. ೧೯೬೮ರಲ್ಲಿ ವಿಯೆನ್ನಾದಲ್ಲಿ ಲೋಕಕ್ಕೆಲ್ಲ ಒಪ್ಪುವ ಸಂಕೇತಗಳ ಒಪ್ಪಂದವಾಯಿತು. ೧೯೮೦ರಲ್ಲಿ ಭಾರತವೂ ಅದಕ್ಕೆ ಸೇರಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಫಲಕಗಳ ಸಂಹಿತೆಯು ೧೯೭೭ರಲ್ಲಿ ಮೊದಲು ಪ್ರಕಟವಾಗಿ ೨೦೦೧, ೨೦೧೨, ೨೦೨೨ರಲ್ಲಿ ತಿದ್ದುಪಡಿ ಹೊಂದಿತು.

ಇದುವರೆಗೆ ಹೇಳಿದುದು ಹಗಲಿನ ಮಾತು. ರಾತ್ರಿಯ ಮಾತೇ ಬೇರೆ. ಹಿಂದೆ ಚಕ್ಕಡಿಯ ಅಚ್ಚಿನ ಕೆಳಗೆ ಒಂದು ಕಂದೀಲನ್ನು ತೂಗಹಾಕುತ್ತಿದ್ದರು. ಅದು ಎತ್ತುಗಳಿಗೆ ದಾರಿ ತೋರಿಸಲಿಕ್ಕೆಂದು ಬಹಳ ಜನ ತಿಳಿದಿದ್ದಾರೆ. ಎತ್ತಿಗೆ ಆ ದಾರಿ ಕಣ್ಣು ಮುಚ್ಚಿದರೂ ಗೊತ್ತು. ಹಿಂದೆ ಬರುವವನಿಗೆ, 'ಇಲ್ಲೊಂದು ಗಾಡಿ ಇದೆ' ಎಂದು ತಿಳಿಸುವುದೇ ಆ ತೂಗುವ ಬೆಳಕಿನ ದೊಡ್ಡ ಉಪಕಾರ. ಕಾಲು ಸೇರು ಎಣ್ಣೆಯಲ್ಲಿ ಉರಿಯುತ್ತಿದ್ದ ಆ ದೀಪವೇ ನಮ್ಮ ಸೀಮೆಯ ಮೊದಲ ರಾತ್ರಿಸಂಕೇತ.

ಕತ್ತಲೆಯಲ್ಲಿ ಮೋಟಾರಿನ ದೀಪಕ್ಕೆ ಎತ್ತಿನ ಕಣ್ಣು ಕೆಂಡದಂತೆ ಹೊಳೆಯುವುದನ್ನು ನೀವು ಕಂಡಿದ್ದೀರಿ. ಎತ್ತು, ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಒಂದು ಪೊರೆಯುಂಟು; ಬಂದ ಬೆಳಕನ್ನು ಅದು ಬಂದ ದಿಕ್ಕಿಗೇ ಮರಳಿಸುತ್ತದೆ. ಇಂಗ್ಲೆಂಡಿನ ಪರ್ಸಿ ಷಾ ಎಂಬವನು ಇದೇ ಉಪಾಯದಿಂದ ರಸ್ತೆಯ ನಡುವೆ ಹುದುಗಿಸುವ ಗಾಜಿನ ಗುಂಡಿಗಳನ್ನು ಮಾಡಿ ೧೯೩೪ರಲ್ಲಿ ಹಕ್ಕು ಪಡೆದನು. ಅವುಗಳಿಗೆ 'ಬೆಕ್ಕಿನ ಕಣ್ಣು' ಎಂದೇ ಹೆಸರು. ಗಾಜನ್ನು ಹಿಡಿದ ರಬ್ಬರಿನ ಮೇಲೆ ಗಾಲಿ ಹಾಯ್ದಾಗ ಅದು ಅಮುಕಿಕೊಂಡು, ಒಳಗೆ ನಿಂತ ಮಳೆನೀರಿನಿಂದ ಗಾಜು ತಾನಾಗಿ ತೊಳೆದುಕೊಳ್ಳುತ್ತದೆ. ಕಣ್ಣಿಗೆ ರೆಪ್ಪೆಯನ್ನೂ ಇಟ್ಟಂತಾಯಿತು. ೧೯೩೯ರಲ್ಲಿ ಅಮೆರಿಕದ ಮಿನ್ನೆಸೋಟ ಪ್ರಾಂತದಲ್ಲಿ ಇದೇ ತತ್ತ್ವದ ಹಾಳೆಯನ್ನು ಹೊದಿಸಿದ ಫಲಕ ನಿಂತಿತು. ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳನ್ನು ಹಾಳೆಯ ಮೇಲೆ ಹರಡಿ ಅಂಟಿಸಿದರೆ ಒಂದೊಂದು ಮಣಿಯೂ ಒಂದೊಂದು ಕಣ್ಣಾಗುತ್ತದೆ. ಮಣಿಗಳ ತರುವಾಯ ಬಂದುದು ಸೂಕ್ಷ್ಮ ಮೂಲೆಗಳ ಹಾಳೆ. ಕೋಣೆಯ ಮೂಲೆಗೆ ಎಸೆದ ಚೆಂಡು ಮೂರು ಮೈಗೆ ತಗುಲಿ ಎಸೆದವನ ಕಡೆಗೇ ಬರುವಂತೆ ಇದರಲ್ಲಿ ಬೆಳಕು ಹಿಂದಿರುಗುತ್ತದೆ. ೧೯೬೯ರಲ್ಲಿ ಚಂದ್ರನ ಮೇಲಿಳಿದವರು ಅಲ್ಲಿಟ್ಟು ಬಂದ ಬೆಳಕಿನ ಕನ್ನಡಿಯಲ್ಲಿಯೂ ಇದೇ ತತ್ತ್ವ. ಹೀಗೆ ಎಣ್ಣೆಯಿಲ್ಲದೆ, ವಿದ್ಯುತ್ತಿಲ್ಲದೆ, ನೋಡುವವನ ದೀಪದಿಂದಲೇ ಉರಿಯುವ ಫಲಕ ಸಾಧ್ಯವಾಯಿತು.

ಈ ಮಾತನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. ಕೆಲವು ವರ್ಷಗಳ ಹಿಂದೆ, ಕಬ್ಬಿನ ಹಂಗಾಮಿನಲ್ಲಿ, ನಮ್ಮ ಸೀಮೆಯ ರಸ್ತೆಯೊಂದರಲ್ಲಿ ಕಬ್ಬು ತುಂಬಿದ ಟ್ರೇಲರು ಕೆಟ್ಟು ನಿಂತಿತ್ತು. ಅದರ ಹಿಂದೆ ದೀಪವಿರಲಿಲ್ಲ, ಕೆಂಪು ಪಟ್ಟಿಯಿರಲಿಲ್ಲ. ನನ್ನ ಬಳಿ ಹತ್ತನೆಯ ಇಯತ್ತೆ ಕಲಿತು ಹೋಗಿದ್ದ ಹುಡುಗನೊಬ್ಬ ರಾತ್ರಿ ಮೋಟಾರು ಸೈಕಲ್ಲಿನಲ್ಲಿ ಮನೆಗೆ ಹೊರಟವನು ಅದಕ್ಕೆ ಹಾಯ್ದನು; ಮನೆ ಸೇರಲಿಲ್ಲ. ಟ್ರೇಲರಿನವನೂ ಬಡವ, ಹುಡುಗನ ತಂದೆಯೂ ಬಡವ. ಇಬ್ಬರ ನಡುವೆ ಇಲ್ಲದಿದ್ದುದು ಅಂಗೈ ಅಗಲದ ಒಂದು ಹೊಳೆಯುವ ಪಟ್ಟಿ. ಅಜ್ಜನ ಚಕ್ಕಡಿಗೆ ಕಂದೀಲಿತ್ತು. ಮೊಮ್ಮಗನ ಟ್ರಾಕ್ಟರಿಗೆ ಅದೂ ಇಲ್ಲವಾಯಿತು. ವಾಹನದ ಹಿಂದೆ ಬೆಳಕು ಮರಳಿಸುವ ಕೆಂಪು ಬಿಲ್ಲೆಗಳಿರಬೇಕೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೇ ಉಂಟು. ಅಂದಿನಿಂದ ಪ್ರತಿ ವರ್ಷ ಹಂಗಾಮು ಮೊದಲಾಗುವ ಮುನ್ನ ನಮ್ಮ ಮಕ್ಕಳು ತಮ್ಮತಮ್ಮ ಮನೆಯ ಗಾಡಿಗಳಿಗೆ ಕೆಂಪು ಪಟ್ಟಿಯನ್ನು ಅಂಟಿಸುತ್ತಾರೆ. ವ್ಯಾಕರಣದ ಪಾಠ ಒಂದು ದಿನ ತಡವಾದರೆ ನಷ್ಟವಿಲ್ಲ.

ಬೆಳಕಿನಿಂದಲೇ ಆಜ್ಞೆ ಕೊಡುವ ಸಂಕೇತದ ಕಥೆ ಇನ್ನೊಂದು. ೧೮೬೮ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಬಳಿ ರೈಲಿನ ಕೈಮರದಂತಹ ಕಂಬಕ್ಕೆ ಕೆಂಪು, ಹಸಿರು ಅನಿಲದೀಪಗಳನ್ನು ಇಟ್ಟರು. ಮರುತಿಂಗಳೇ ಅನಿಲ ಸಿಡಿದು ಕಾವಲಿದ್ದ ಪೊಲೀಸನಿಗೆ ಗಾಯವಾಯಿತು. ಆ ಪ್ರಯೋಗ ಅಲ್ಲಿಗೆ ನಿಂತಿತು. ೧೯೧೪ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ವಿದ್ಯುದ್ದೀಪದ ಸಂಕೇತ ಬಂದ ಮೇಲೆ ಅದು ಲೋಕವನ್ನೆಲ್ಲ ವ್ಯಾಪಿಸಿತು. ಇಂದು ಹಳ್ಳಿಯ ಕೂಡುರಸ್ತೆಯಲ್ಲಿಯೂ ಸೂರ್ಯನ ಬೆಳಕನ್ನು ಹಗಲೆಲ್ಲ ಕೂಡಿಟ್ಟುಕೊಂಡು ರಾತ್ರಿ ಮಿನುಗುವ ಹಳದಿ ದೀಪವನ್ನು ಕಾಣಬಹುದು. ಕಿತ್ತೂರಿನ ಮಗ್ಗುಲಿನ ಹಳೆಯ ಪುಣೆ-ಬೆಂಗಳೂರು ರಸ್ತೆ ಸುವರ್ಣ ಚತುಷ್ಕೋನದ ಹೆದ್ದಾರಿಯಾಯಿತು. ೪ ಎಂದಿದ್ದ ಅದರ ಸಂಖ್ಯೆ ೨೦೧೦ರಲ್ಲಿ ೪೮ ಆಯಿತು. ಹೆದ್ದಾರಿಗಳಲ್ಲಿ ಅಕ್ಷರಗಳನ್ನು ಬದಲಿಸುತ್ತ ಹೋಗುವ ದೀಪದ ಹಲಗೆಗಳೂ ಬಂದಿವೆ. ಮಂಜು, ಅಪಘಾತ, ದುರಸ್ತಿ ಯಾವುದಿದ್ದರೂ ಅವು ಆ ಹೊತ್ತಿನ ಸುದ್ದಿಯನ್ನು ಹೇಳಬಲ್ಲವು.

ಇನ್ನು ಕೈಯೊಳಗಿನ ಫೋನು. ಭೂಮಿಯನ್ನು ಸುತ್ತುವ ಉಪಗ್ರಹಗಳಿಂದ ನಾವಿರುವ ಸ್ಥಳವನ್ನು ತಿಳಿದು, ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಅದು ಕನ್ನಡದಲ್ಲಿಯೇ ಹೇಳುತ್ತದೆ. ಕುಂಟೆ ಹೊಡೆಯುವವನನ್ನು ಕೇಳಿದಂತೆಯೇ ಆಯಿತು. ಚರಿತ್ರೆ ಒಂದು ಸುತ್ತು ತಿರುಗಿ ಬಂದಿತು. ಆದರೆ ಕುಂಟೆಯವನಿಗೆ ತಿಳಿದಿದ್ದ ಒಂದು ಸಂಗತಿ ಫೋನಿಗೆ ಯಾವಾಗಲೂ ತಿಳಿದಿರುವುದಿಲ್ಲ. 'ಹಳ್ಳ ಬಂದದ, ಹೋಗಬ್ಯಾಡ್ರಿ' ಎಂದು ಅವನು ಹೇಳುತ್ತಿದ್ದನು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದುದು, ನವಿಲುತೀರ್ಥದ ರೇಣುಕಾಸಾಗರದಿಂದ ನೀರು ಬಿಟ್ಟುದು, ರಾಮದುರ್ಗ ತಾಲ್ಲೂಕಿನ ಊರುಗಳೂ ದಾರಿಗಳೂ ನೀರಿನಲ್ಲಿ ಮುಳುಗಿದುದು ನಿಮ್ಮ ನೆನಪಿನಲ್ಲಿರಬಹುದು. ಸೇತುವೆ ಮುಳುಗಿದ ಸುದ್ದಿ ತಲುಪುವವರೆಗೆ ನಕ್ಷೆಯು ಅದೇ ದಾರಿಯನ್ನು ತೋರಿಸುತ್ತಿರುತ್ತದೆ. ಆಗ ಜೀವ ಉಳಿಸುವುದು ಸೇತುವೆಯ ಬದಿಗೆ ನಿಂತ, ನೀರಿನ ಆಳವನ್ನು ಅಳತೆಯ ಗೆರೆಗಳಿಂದ ತೋರಿಸುವ ಬಡ ಕಂಬ. ಹೊಸ ಸಾಧನ ಬಂದರೂ ಹಳೆಯ ಕಂಬವನ್ನು ಕೀಳಬಾರದೆಂಬ ವಿವೇಕ ಇದರಿಂದ ಬರಬೇಕು.

ಊರ ಹೆಸರಿನ ಫಲಕಗಳ ಬಗ್ಗೆ ಒಂದು ಮಾತನ್ನು ಹೇಳದಿದ್ದರೆ ಕನ್ನಡ ಮೇಷ್ಟರ ಕರ್ತವ್ಯಕ್ಕೆ ಲೋಪ ಬಂದೀತು. ಸವದತ್ತಿ, ಸೌದತ್ತಿ, ಸೌಂದತ್ತಿ ಎಂದು ಒಂದೇ ಊರಿನ ಹೆಸರನ್ನು ಬಗೆಬಗೆಯಾಗಿ ಬರೆಯುವುದುಂಟು. ನಮಗೆ ಎಲ್ಲವೂ ಒಂದೇ. ದೂರದಿಂದ ಎಲ್ಲಮ್ಮನ ದರ್ಶನಕ್ಕೆ ಬಂದವನು ಮಾತ್ರ ಇವು ಎರಡೋ ಮೂರೋ ಊರುಗಳೆಂದು ಕೂಡುರಸ್ತೆಯಲ್ಲಿ ತಡೆದು ನಿಲ್ಲುತ್ತಾನೆ. ಸೆಕೆಂಡಿಗೆ ೨೨ ಮೀಟರು ಓಡುವ ರಸ್ತೆಯಲ್ಲಿ ಆ ತಡೆಯೂ ಅಪಾಯಕರವೇ. ಫಲಕದ ಮೇಲಿನ ಕಾ‍ಗುಣಿತದ ತಪ್ಪನ್ನು ತಿದ್ದುವುದು ಭಾಷಾಭಿಮಾನದ ಕೆಲಸವಷ್ಟೇ ಎಂದು ತಿಳಿಯಬಾರದು. ಅದು ದಾರಿಕಾರನ ರಕ್ಷಣೆಯೂ ಹೌದು.

ಈಗ ಕೊನೆಗೆ ಹೇಳುತ್ತೇನೆಂದು ಉಳಿಸಿಕೊಂಡ ಮಾತು. ನಮ್ಮ ಶಾಸನಗಳ ಕೊನೆಯ ಭಾಗಕ್ಕೆ ಶಾಪಾಶಯ ಎನ್ನುತ್ತಾರೆ. ಈ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ, ಗಂಗೆಯ ತಡಿಯಲ್ಲಿ, ಕವಿಲೆ ಹಸುಗಳನ್ನು ಕೊಂದ ಪಾಪ ಬರುವುದೆಂದು ಅಲ್ಲಿ ಕೆತ್ತಿರುತ್ತದೆ. ಆ ಕಾಲದವರು ಭೋಳೆಯರಾಗಿರಲಿಲ್ಲ. ಕಲ್ಲು ತನ್ನನ್ನು ತಾನು ಕಾಯಲಾರದು. ನೆಟ್ಟವನು ಹೋದ ಮೇಲೆ ಅದನ್ನು ಕಾಯಬೇಕಾದುದು ನೋಡುವವನ ಮನಸ್ಸು ಎಂಬುದು ಅವರಿಗೆ ತಿಳಿದಿದ್ದಿತು.

ಇಂದಿನ ಫಲಕಕ್ಕೆ ಶಾಪಾಶಯವಿಲ್ಲ, ಕಾಯಿದೆಯುಂಟು. ರಸ್ತೆಯ ಸಂಕೇತವನ್ನು ಬೇಕೆಂದು ಕೀಳಕೂಡದು, ಬದಲಿಸಕೂಡದು, ಕೆಡಿಸಕೂಡದು. ಅದನ್ನು ಮರೆಮಾಡುವಂತೆ ಜಾಹೀರಾತನ್ನು ನಿಲ್ಲಿಸಕೂಡದು ಎಂದು ೧೯೮೮ರ ಮೋಟಾರು ವಾಹನಗಳ ಕಾಯಿದೆ ಹೇಳುತ್ತದೆ. ಆಕಸ್ಮಿಕವಾಗಿ ಫಲಕಕ್ಕೆ ಹಾನಿ ಮಾಡಿ ಅದು ನಿರುಪಯೋಗವಾದರೂ ೨೪ ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕೆಂಬ ವಿಧಿಯೂ ಅದರಲ್ಲಿದೆ. ಇದನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ತಿರುವಿನ ಫಲಕದ ಮೇಲೆ ಜಾತ್ರೆಯ ಭಿತ್ತಿಪತ್ರ, ಶಾಲೆಯ ಫಲಕದ ಮೇಲೆ ಹುಟ್ಟುಹಬ್ಬದ ಶುಭಾಶಯ, ಸೇತುವೆಯ ಫಲಕಕ್ಕೆ ಕಲ್ಲೆಸೆದು ಗುರಿಯ ಪರೀಕ್ಷೆ, ಅಲ್ಯೂಮಿನಿಯಮ್ಮಿನ ತಗಡಿಗಾಗಿ ಫಲಕವನ್ನೇ ಬಿಚ್ಚಿ ಮೋಡಕಾಕ್ಕೆ ಹಾಕುವುದು, ಇವೆಲ್ಲ ನಾವು ಕಣ್ಣಾರೆ ಕಾಣುವ ಸಂಗತಿಗಳು. ಸಾಸಿವೆಗಿಂತ ಸಣ್ಣ ಗಾಜಿನ ಮಣಿಯಲ್ಲಿ ಬೆಳಕನ್ನು ಹಿಡಿದು ನಿಲ್ಲಿಸಲು ಲೋಕದ ಜಾಣರು ಎಷ್ಟು ಶ್ರಮಪಟ್ಟರು! ಅದರ ಮೇಲೆ ಒಂದು ಬೊಗಸೆ ಅಂಟು ಬಳಿದರೆ ಆ ಶ್ರಮವೆಲ್ಲ ಒಂದು ಕ್ಷಣದಲ್ಲಿ ಕುರುಡಾಗುತ್ತದೆ.

ಮುಂದಿನ ಸಲ ಕಿತ್ತೂರಿನಿಂದ ಬೈಲಹೊಂಗಲಕ್ಕೋ, ಸವದತ್ತಿಯಿಂದ ರಾಮದುರ್ಗಕ್ಕೋ ಹೊರಟಾಗ ರಸ್ತೆಯ ಬದಿಯ ಫಲಕಗಳನ್ನು ಒಮ್ಮೆ ಓದಿ ನೋಡಿರಿ. ನಿಮ್ಮನ್ನು ಎಂದೂ ಕಾಣದ ಯಾರೋ ಒಬ್ಬರು, ಮುಂದೆ ಇಂತಹದು ಇದೆ, ಜೋಕೆ ಎಂದು ಹೇಳಿ ಹೋಗಿದ್ದಾರೆ. ಅದರ ಮೇಲೆ ಕಾಗದ ಅಂಟಿದ್ದರೆ ಕಿತ್ತು ತೆಗೆಯಿರಿ. ಬಳ್ಳಿ ಹಬ್ಬಿದ್ದರೆ ಸರಿಸಿರಿ. ಬಿದ್ದಿದ್ದರೆ ತಿಳಿಸಬೇಕಾದವರಿಗೆ ತಿಳಿಸಿರಿ. ಅಂದು ರಾತ್ರಿ ಆ ತಿರುವಿನಲ್ಲಿ ಬರುವವನು ಯಾರ ಮನೆಯ ಹುಡುಗನೋ ಯಾರು ಬಲ್ಲರು?